ಲೋ ಪ್ರೆಷರ್ ಯಾರಿಗೆ?

ರಾಯದುರ್ಗದ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಅಂದು ಬಾಯ್ಲರಿನ ಪ್ರೆಷರ್ ಮುಳ್ಳು ಮೇಲೇಳಲೇ ಇಲ್ಲ. ಆವಿಯಿಲ್ಲದೆ ಇಸ್ತ್ರಿಪೆಟ್ಟಿಗೆ ಮುನಿಸಿಕೊಂಡ ಎಮ್ಮೆಯಂತೆ ಒಮ್ಮೆ ಬುಸ್ ಎಂದು ಸುಮ್ಮನಾಯಿತು. ಇಸ್ತ್ರಿಯ ಜುಂಜಣ್ಣ ಗಡಿಯಾರ ನೋಡಿದ. ಮರುದಿನ ಅಮರಾಪುರದಲ್ಲಿ ಮಗಳು ಹೇಮಶ್ರೀಯ ಸೀಮಂತ. ಅಂದೇ ಮಧ್ಯಾಹ್ನದೊಳಗೆ ಪ್ಯಾಂಟೆಲ್ಲ ಮುಗಿಸಿದರೆ ಮಾತ್ರ ರಜೆ ಎಂದಿದ್ದರು ಒಡತಿ ಸರ್ವಮಂಗಳಮ್ಮ.

ಅಳಿಯ ಮಾರುತಿಗೆ ಫೋನ್ ಹಚ್ಚಿ, ಹೊಲಿಗೆ ಯಂತ್ರಗಳ ಗದ್ದಲದ ನಡುವೆ ಕೂಗಿದ: "ಪ್ರೆಷರ್ ಲೋ ಆಗೇತಪ್ಪಾ! ಬರೋದು ತಡ ಆಗಬಹುದು!"

ಲೈನು ಕಡಿಯಿತು. ಅಳಿಯನಿಗೆ ಎಷ್ಟು ಕೇಳಿತೋ, ಪಕ್ಕದಲ್ಲಿ ಜಿಪ್ ಹೊಲಿಯುತ್ತಿದ್ದ ದುರುಗಕ್ಕನಿಗೆ ಪೂರಾ ಕೇಳಿತು.

"ಅಯ್ಯೋ, ಜುಂಜಣ್ಣಗ ಲೋ ಪ್ರೆಷರ್ರಂತ! ಹಿಡೀರ್ರಿ, ಬೀಳ್ತಾನ!"

"ನನಗಲ್ಲ ದುರುಗಕ್ಕಾ, ಬಾಯ್ಲರಿಗೆ!"

"ಬಾಯಿ ಒಣಗೇತಂತ ನೋಡ್ರಿ ಪಾಪ!"

ನಾಲ್ವರು ಸೇರಿ ಅವನನ್ನು ಪ್ಯಾಂಟಿನ ರಾಶಿಯ ಮೇಲೆ ಕೆಡವಿದರು. ಇಬ್ಬರು ಕಾಲೆತ್ತಿ ಹಿಡಿದರು. ಸರ್ವಮಂಗಳಮ್ಮ ಓಡಿ ಬಂದು ಚೀಲದಿಂದ ಮಾತ್ರೆ ತೆಗೆದರು.

"ನಾನೂ ಪ್ರೆಷರಿಗೆ ಇದನ್ನ ನುಂಗೋದು. ಬಾಯಿ ತೆಗಿ."

"ಅಮ್ಮಾರ, ನನಗೇನೂ..." ಎನ್ನಲು ಬಾಯಿ ತೆರೆದದ್ದೇ ತಪ್ಪಾಯಿತು. ಮಾತ್ರೆ ಒಳಗೆ ಹೋಯಿತು. ಅಮ್ಮನವರದು ಏರುವ ಪ್ರೆಷರ್, ಮಾತ್ರೆ ಅದನ್ನು ಇಳಿಸುವಂಥದ್ದು ಎಂಬುದು ಯಾರಿಗೂ ಹೊಳೆಯಲಿಲ್ಲ.

ತಾಸೊಪ್ಪತ್ತಿನಲ್ಲಿ ಮೆಕ್ಯಾನಿಕ್ ಬಂದು ಬಾಯ್ಲರ್ ಸರಿಮಾಡಿದ. ಜುಂಜಣ್ಣ ಖುಷಿಯಿಂದ ಎದ್ದು ನಿಂತ. ಗೋಡೆ, ಗಡಿಯಾರ, ದುರುಗಕ್ಕ ಎಲ್ಲ ಗಿರ್ರನೆ ತಿರುಗಿದವು.

ಆಸ್ಪತ್ರೆಯಲ್ಲಿ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ, "ಪ್ರೆಷರ್ ಲೋ ಐತಿ. ರಾತ್ರಿ ಇಲ್ಲೇ ಇರ್ರಿ, ಮುಂಜಾನೆ ಹೋಗ್ರಿ" ಎಂದರು.

"ನಾ ಆಗ್ಲೇ ಹೇಳಿದ್ದಿಲ್ಲೇನು?" ಎಂದಳು ಜೊತೆಗೆ ಬಂದಿದ್ದ ದುರುಗಕ್ಕ.

ಬೆಳಿಗ್ಗೆ ಲೋ ಆಗಿದ್ದು ಬಾಯ್ಲರೋ ತಾನೋ ಎಂದು ಈಗ ಜುಂಜಣ್ಣನಿಗೇ ಅನುಮಾನ. ಅಷ್ಟರಲ್ಲಿ ಹಾಸಿಗೆಯ ಪಕ್ಕ ನಿಂತಿದ್ದ ಸರ್ವಮಂಗಳಮ್ಮನ ಮನಸ್ಸು ಕರಗಿತು.

"ಪ್ಯಾಂಟು ಬ್ಯಾರೆಯವರು ನೋಡ್ಕೊಂತಾರ. ನಾಳೆ ಮೊದಲ್ನೇ ಬಸ್ಸಿಗೆ ಮಗಳ ಹತ್ರ ಹೋಗಪ್ಪ."

ಜುಂಜಣ್ಣನ ಕಣ್ಣು ತುಂಬಿತು. ಇಷ್ಟೆಲ್ಲ ಆದದ್ದೂ ಒಳ್ಳೆಯದಕ್ಕೇ ಎನಿಸಿತು. ಸಂಜೆ ಮಾರುತಿಯ ಫೋನ್ ಬಂತು.

"ಮಾವ, ಫೋನಲ್ಲಿ 'ಪ್ರೆಷರ್ ಲೋ' ಅಂದಿದ್ದಷ್ಟೇ ಕೇಳುಸ್ತು, ಆದ್ರೂ ನೀವು ಮುಂಚೇನೇ ಹೇಳಿದ್ದು ಒಳ್ಳೇದಾಯ್ತು! ಟೀವಿಯೋರೂ ಅದನ್ನೇ ಹೇಳುದ್ರು. ಸಮುದ್ರದಾಗೆ ಲೋ ಪ್ರೆಷರ್ರಂತೆ, ನಾಳೆ ಜೋರು ಮಳೆಯಂತೆ. ಅದ್ಕೇ ಸೀಮಂತ ಇವತ್ತೇ ಮುಗಿಸ್ಬಿಟ್ವಿ."

ಆ ಕಡೆ ಹೇಮಶ್ರೀ ಫೋನ್ ಕಸಿದುಕೊಂಡಳು.

"ಅಪ್ಪಾ, ಮಳಿ ಬರತೈತಿ ಅಂತ ಹೇಳಿದಾವ ನೀನೇ. ಮತ್ತ ನೀನೇ ಯಾಕ ಬರಲಿಲ್ಲ?"