ಕಿವಿ ಮಂದವಾದ ಫೋನು

ಅಷ್ಟೂ ರಾದ್ಧಾಂತಕ್ಕೆ ಕಾರಣ ಫೋನಿನ ಕಿವಿ ಮಂದವಾದದ್ದು.

ಹಿಟ್ಟಿನ ಗಿರಣಿಯವನ ಮಗಳು ಚೂಟಿಗೆ ಅದು ಮೊದಲೇ ಹೊಳೆಯಬೇಕಿತ್ತು. ಆದರೆ ಗಿರಣಿಯ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಯಾರ ಕಿವಿ ಮಂದ, ಯಾರದು ಚುರುಕು ಎಂದು ತಿಳಿಯುವುದೇ ಕಷ್ಟ. ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಅಪ್ಪ "ನೀರು ಕೊಡು" ಅಂದರೆ ಆಚೆ ಬೀದಿಯವರು ಚೊಂಬು ಹಿಡಿದು ಬರುತ್ತಾರೆ.

ಪುಟ್ಟ ತಂಗಿಯನ್ನು ನೋಡಿಕೊಳ್ಳಲೆಂದು ಚೂಟಿಯನ್ನು ಶಾಲೆ ಬಿಡಿಸಿದ್ದರು. ಆಮೇಲೆ ಫೋನ್ ಮೇಡಂ ಬಂದಳು. ಶಾಲೆ ಬಿಟ್ಟ ಹುಡುಗಿಯರಿಗೆ ಓದು ಕಲಿಸುವ ಫೋನುಗಳನ್ನು ಚೀಲದಲ್ಲಿ ತುಂಬಿಕೊಂಡು, ಸ್ಕೂಟರಿನಲ್ಲಿ ಹಳ್ಳಿ ಹಳ್ಳಿ ಸುತ್ತುವುದು ಅವಳ ಕೆಲಸ. "ಹುಡುಗೀರ ಕೈಗೆ ಫೋನಾ?" ಎಂದು ಊರೆಲ್ಲ ಬಾಗಿಲು ಹಾಕಿಕೊಂಡಿತು. ಗಿರಣಿಯಲ್ಲಿ ಮಾತ್ರ ಯಂತ್ರ ಓಡುತ್ತಿತ್ತು. ಮೇಡಂ ಏನು ಕೇಳಿದಳೆಂದು ತಿಳಿಯದೆ ಅಪ್ಪ ತಲೆಯಾಡಿಸಿಬಿಟ್ಟ. ಹಾಗೆ ಊರಿಗೆ ಒಂದೇ ಒಂದು ಫೋನು ಉಳಿಯಿತು.

ಆ ಫೋನಿನ ರೀತಿಯೇ ಬೇರೆ. ಪರದೆಯ ಮೇಲೆ ಒಂದು ಪುಟ ಮೂಡುತ್ತದೆ. ಅದನ್ನು ತಪ್ಪಿಲ್ಲದೆ, ಗಟ್ಟಿಯಾಗಿ ಓದಬೇಕು. ಫೋನಿಗೆ ಒಪ್ಪಿಗೆಯಾದರೆ "ಶಭಾಷ್" ಎಂದು ಮುಂದಿನ ಪುಟ ಬಿಡುತ್ತದೆ. ಇವತ್ತು ಸಂಜೆ ಮೇಡಂ ಬರುವಷ್ಟರಲ್ಲಿ ಕೊನೆಯ ಪಾಠ ಮುಗಿದಿದ್ದರೆ ಫೋನು ಇಲ್ಲೇ ಉಳಿಯುತ್ತದೆ, ಅದರೊಳಗೆ ಮೇಲಿನ ತರಗತಿಯ ಪಾಠಗಳೂ ಬರುತ್ತವೆ. ಮುಗಿಯದಿದ್ದರೆ ಅದು ಪಕ್ಕದ ಊರಿನ ಪಾಲು.

ಆದರೆ ಬೆಳಗ್ಗೆಯಿಂದ ಫೋನು ಒಂದೇ ರಾಗ ಹಿಡಿದಿತ್ತು. "ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಓದು."

"ಬೆಳಗ್ಗೆಯಿಂದ ಓದ್ತಾನೇ ಇದೀನಲ್ಲ, ನಿಂಗೇನಾಗಿದೆ?" ಎಂದು ಚೂಟಿ ಗದರಿದಳು. ಅದೂ ಕೇಳಿಸಲಿಲ್ಲ.

ಯಂತ್ರದ ಸದ್ದಿಗಿರಬೇಕು ಎಂದುಕೊಂಡು, ತಂಗಿಯನ್ನು ಸೊಂಟಕ್ಕೇರಿಸಿ ಹಿತ್ತಲಿಗೆ ಹೋದಳು. ಗೋಡೆಯ ಕಡೆ ಮುಖ ಮಾಡಿ, ಹೊಟ್ಟೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು:

"ಚಿಲಕ ತೆಗೆದಿದ್ದೇನೆ! ಅವರು ಬರುವ ಮೊದಲೇ ಹೊರಟುಬಿಡೋಣ, ಬಾ!"

ಗೋಡೆಯಾಚೆ ಟೈಲರ್ ಅತ್ತೆ ರವಿಕೆಗೆ ಗುಂಡಿ ಹಚ್ಚುತ್ತಿದ್ದಳು. ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಅವಳು ನುಂಗದೇ ಉಳಿದದ್ದೇ ದೊಡ್ಡದು. ಅವುಗಳನ್ನು ಉಗುಳಿ, ಟೇಪನ್ನು ಕುತ್ತಿಗೆಯಲ್ಲೇ ಬಿಟ್ಟುಕೊಂಡು ಎದುರಿನ ಕ್ಷೌರದಂಗಡಿಗೆ ಓಡಿದಳು.

"ಅಣ್ಣಾ, ಗಿರಣಿ ಹುಡುಗಿ ಓಡಿಹೋಗ್ತಾ ಇದಾಳೆ! ಫೋನಲ್ಲಿ ಯಾರಿಗೋ ಹೇಳ್ತಾ ಇದ್ಲು, ಈ ಕಿವಿಯಾರೆ ಕೇಳ್ದೆ!"

ಕ್ಷೌರದವನು ಗಿರಾಕಿಯ ಒಂದೇ ಕೆನ್ನೆ ಬೋಳಿಸಿ ಎದ್ದ. ದಿನಸಿ ಅಂಗಡಿಯ ಮಾವನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಸುದ್ದಿಯೊಳಗಿನ ಹುಡುಗನಿಗೊಂದು ಮೋಟಾರು ಬೈಕು ಬಂದಿತ್ತು. ಅಂಗಡಿಯಿಂದ ಗಿರಣಿಯ ಬಾಗಿಲಿಗೆ ಬರುವಾಗ ಅದು ಲಾರಿಯಾಗಿತ್ತು. ಒಂದು ಕೆನ್ನೆಗೆ ನೊರೆ ಮೆತ್ತಿಕೊಂಡಿದ್ದ ಗಿರಾಕಿಯೂ ನ್ಯಾಯ ನೋಡಲು ಹಿಂದೆಯೇ ಬಂದ.

ಗಿರಣಿಯ ಬಾಗಿಲಲ್ಲಿ ಅಜ್ಜಿ ಕೂತಿದ್ದಳು. ಅಲ್ಲಿ ಅವಳದೇ ಕಾನೂನು. ಬಂದವರು ಧಾನ್ಯದ ಡಬ್ಬವನ್ನು ಸಾಲಿನಲ್ಲಿಟ್ಟು ಹೋಗಬೇಕು, ಡಬ್ಬದ ಸರದಿಯೇ ಅವರ ಸರದಿ. ಯಾರೂ ಬೆರಳು ತೋರಿಸಬಾರದೆಂದು ಸ್ವಂತ ಮನೆಯ ಡಬ್ಬ ಮಾತ್ರ ಯಾವಾಗಲೂ ಕೊನೆಗೆ. ಗಿರಣಿಯವರ ಮನೆಯಲ್ಲೇ ಎಷ್ಟೋ ಸಲ ಹಿಟ್ಟಿಲ್ಲದೆ ಒಲೆ ಕಾದಿದೆ.

"ಡಬ್ಬ ಎಲ್ರೋ?" ಎಂದಳು ಅಜ್ಜಿ.

"ಡಬ್ಬ ಹಾಳಾಗ್ಲಿ ಅಜ್ಜಿ, ನಿಮ್ಮ ಮೊಮ್ಮಗಳು ಓಡಿಹೋಗ್ತಾ ಇದಾಳೆ!"

ಅಪ್ಪ ಯಂತ್ರ ನಿಲ್ಲಿಸಿದ. ಹಗಲು ಹೊತ್ತಿನಲ್ಲಿ ಅದು ನಿಂತದ್ದನ್ನು ಊರು ಕೇಳಿಯೇ ಇರಲಿಲ್ಲ. ಆ ನಿಶ್ಶಬ್ದಕ್ಕೆ ಬೆದರಿ ಇನ್ನಷ್ಟು ಜನ ಓಡಿಬಂದರು. ಹಿತ್ತಲಿನಿಂದ ಒಳಬಂದ ಚೂಟಿಯನ್ನು ಅಪ್ಪ ನೋಡಿದ. ಹುಬ್ಬು, ಮೀಸೆಗಳ ಮೇಲೆ ಹಿಟ್ಟು ಕೂತು, ಅವನು ಸಿಟ್ಟಾಗಿದ್ದಾನೋ ಅಳುತ್ತಿದ್ದಾನೋ ತಿಳಿಯುತ್ತಿರಲಿಲ್ಲ.

"ಯಾರೇ ಅವ್ನು?"

"ಯಾರಪ್ಪ?"

"ನೀನು ಚಿಲಕ ತೆಗ್ದು ಕರೆದ್ಯಲ್ಲ, ಅವ್ನು!"

"ಓ, ಅದಾ? ಗಿಳಿ."

"ಗಿಳಿ!" ಟೈಲರ್ ಅತ್ತೆ ಎದೆ ಹಿಡಿದುಕೊಂಡಳು. "ನೋಡ್ರಿ, ಮುದ್ದಿನ ಹೆಸರು ಬೇರೆ ಇಟ್ಟಾಗಿದೆ!"

"ಯಾವ ಊರಿನ ಗಿಳಿ? ಏನ್ ಕೆಲ್ಸ ಮಾಡ್ತಾನೆ?" ಎಂದ ದಿನಸಿ ಮಾವ.

"ಪಂಜರದಲ್ಲಿರತ್ತೆ ಮಾವ. ಅಳಿಲು ಬಂದು ಬಿಡಿಸತ್ತೆ. ಕೊನೇ ಪಾಠ ಇದು."

ಯಾರೂ ನಂಬಲಿಲ್ಲ. "ಪಾಠ ಮನಸ್ಸಲ್ಲೇ ಓದ್ಕೋತಾರೆ, ಬೀದಿಗೆಲ್ಲ ಸಾರ್ತಾರಾ?" ಎಂದ ಕ್ಷೌರದವನು. "ಮೊದ್ಲು ಆ ಫೋನು ಇಸ್ಕೊಳ್ಳಪ್ಪ. ಎಲ್ಲಾ ಅದ್ರದ್ದೇ ಕೆಲ್ಸ."

ಅಪ್ಪ ಕೈ ಚಾಚಿದ. ಚೂಟಿ ತಂಗಿಯನ್ನು ಆ ಚಾಚಿದ ಕೈಗೆ ಕೊಟ್ಟು, ಮೂಟೆಗಳ ರಾಶಿಯನ್ನು ಬೆಕ್ಕಿನ ಹಾಗೆ ಏರಿ, ತುದಿಯಲ್ಲಿ ನಿಂತಳು.

"ಕೊಡಲ್ಲ."

"ಇಳಿಯೇ ಕೆಳಗೆ!"

"ಇಳಿಯಲ್ಲ, ಕೊಡಲ್ಲ. ಶಾಲೆ ಬಿಡು ಅಂದ್ರಿ, ಬಿಟ್ಟೆ. ಇದನ್ನ ಬಿಡಲ್ಲ. ಕಳ್ಳತನದಲ್ಲಿ ಏನೋ ಮಾಡ್ತೀನಿ ಅಂದ್ರಲ್ಲ, ಎಲ್ರೂ ಇಲ್ಲೇ ನಿಂತ್ಕೊಳ್ಳಿ. ನಿಮ್ಮೆದುರಿಗೇ ಓದ್ತೀನಿ."

ಓದಿದಳು. ಫೋನು "ಸರಿಯಾಗಿ ಕೇಳಿಸಲಿಲ್ಲ" ಅಂದಿತು. ಮತ್ತೆ ಓದಿದಳು. ಮತ್ತೆ ಅದೇ. ಪಂಜರದ ಗಿಳಿ, ಚಿಲಕ ಕಚ್ಚುವ ಅಳಿಲು, ಹೊರಗಿನ ಹೆಜ್ಜೆ ಸದ್ದು ಎಲ್ಲವೂ ಜನರಿಗೆ ಬಾಯಿಪಾಠವಾದವು. ನೊರೆಯ ಗಿರಾಕಿಗೆ ತಡೆಯಲಾಗಲಿಲ್ಲ. "ಏ, ಎಲ್ರೂ ಕೂಗ್ರೋ! ಕಿವುಡು ಮುಂಡೇದು!" ಎಂದ. ಅಪ್ಪನೂ ಸೇರಿ ಇಡೀ ಗಿರಣಿ ಒಂದೇ ಕೊರಳಿನಲ್ಲಿ ಅಬ್ಬರಿಸಿತು:

"ಚಿಲಕ ತೆಗೆದಿದ್ದೇನೆ! ಅವರು ಬರುವ ಮೊದಲೇ ಹೊರಟುಬಿಡೋಣ, ಬಾ!"

ತೊಲೆಗಳ ಮೇಲಿನ ಹಿಟ್ಟು ಮಂಜಿನಂತೆ ಉದುರಿತು. ಫೋನು ಸಣ್ಣ ದನಿಯಲ್ಲಿ "ಶಭಾಷ್" ಅಂದಿತು.

ಮುಂದಿನ ಪುಟದಲ್ಲಿ ಗಿಳಿ ಪಂಜರದ ಬಾಗಿಲಿಗೆ ಬಂತು. ಹೊಸ್ತಿಲಲ್ಲಿ ಬೆಕ್ಕು ಕೂತಿತ್ತು. ಅಲ್ಲಿಗೆ ಚೂಟಿ ನಿಲ್ಲಿಸಿದಳು.

"ಆಮೇಲೆ?" ಎಂದಳು ಟೈಲರ್ ಅತ್ತೆ.

"ಆಮೇಲೆ ಓದಲ್ಲ."

"ಅಯ್ಯೋ, ಬೆಕ್ಕು ಏನ್ ಮಾಡ್ತು ಹೇಳೇ!"

"ಅತ್ತೆ, ನಿಮ್ಮ ಮಗಳಿಗೆ ಓದು ಕಲಿಸಿ, ಅವ್ಳೇ ಹೇಳ್ತಾಳೆ. ಕ್ಷೌರದ ಮಾಮಾ, ನಿಮ್ಮನೇಲೂ ಇಬ್ರು ಹುಡುಗೀರಿದಾರೆ. ದಿನಸಿ ಮಾವಾ, ನಿಮ್ಮ ಮೊಮ್ಮಗಳು ಸಾಮಾನಿನ ಪೊಟ್ಟಣ ತಲೆಕೆಳಗೆ ಹಿಡ್ಕೊಂಡು ಹೆಸರು ಹುಡುಕ್ತಾಳೆ. ಎಲ್ರನ್ನೂ ಓದೋಕೆ ಕಳಿಸ್ತೀವಿ ಅಂತ ಅಜ್ಜಿ ಮುಂದೆ ಮಾತು ಕೊಡಿ. ಆಮೇಲೆ ಬೆಕ್ಕು."

ಸೂರ್ಯ ಇಳಿಯುತ್ತಿದ್ದ. ಓದು ಮುಗಿಯದಿದ್ದರೆ ಫೋನು ಹೋಗುತ್ತದೆಂದು ಚೂಟಿಯ ಕಿವಿ ಸ್ಕೂಟರಿನ ಸದ್ದನ್ನೇ ಕಾಯುತ್ತಿತ್ತು. ಆದರೂ ಅವಳು ಬಾಯಿ ಬಿಗಿದು ನಿಂತಳು. ಮೊದಲು ಸೋತವಳು ಟೈಲರ್ ಅತ್ತೆ. "ಆಯ್ತು ಮಾರಾಯ್ತಿ, ಕಳಿಸ್ತೀನಿ!" ಉಳಿದವರೂ ಒಬ್ಬೊಬ್ಬರಾಗಿ ಒಪ್ಪಿದರು. ಗಿಳಿ ಬೆಕ್ಕಿನ ಮೂಗು ಕುಕ್ಕಿ ಹಾರಿಹೋಯಿತು. ಪ್ರತಿ ಪುಟಕ್ಕೂ ಊರೇ ಗಂಟಲು ಹರಿದುಕೊಂಡಿತು.

ಕೊನೆಯ "ಶಭಾಷ್" ಹೊರಬೀಳುವುದಕ್ಕೂ ಮೇಡಂ ಸ್ಕೂಟರ್ ನಿಲ್ಲಿಸುವುದಕ್ಕೂ ಸರಿಹೋಯಿತು. "ಫೋನು ಇಲ್ಲೇ ಇರತ್ತೆ" ಎಂದಳು ಮೇಡಂ. ಆಮೇಲೆ ಅದನ್ನು ತಿರುಗಿಸಿ ನೋಡಿ, "ಇದನ್ನ ಎಲ್ಲಿಡ್ತಿದ್ದೆ?" ಎಂದು ಕೇಳಿದಳು.

"ತಂಗಿ ಕೈಗೆ ಸಿಗ್ಬಾರ್ದು ಅಂತ ಹಿಟ್ಟಿನ ಡಬ್ಬದಲ್ಲಿ."

ಮೇಡಂ ಟೈಲರ್ ಅತ್ತೆಯ ಸೆರಗಿನಿಂದ ಗುಂಡುಸೂಜಿ ತೆಗೆದುಕೊಂಡು, ಫೋನಿನ ಕೆಳಗಿನ ಸಣ್ಣ ತೂತನ್ನು ಮೆಲ್ಲಗೆ ಕೆದಕಿ, ಉಫ್ ಎಂದು ಊದಿದಳು. ಚಿಟಿಕೆಯಷ್ಟು ಹಿಟ್ಟು ಉದುರಿತು. "ಹಿಟ್ಟು ಕೂತಿತ್ತು ಅಷ್ಟೆ. ಇನ್ಮೇಲೆ ಪಿಸುಗುಟ್ಟಿದ್ರೂ ಸಾಕು."

ಊರಿಗೆ ಊರೇ ತನ್ನ ಗಂಟಲು ಸವರಿಕೊಂಡಿತು.

"ನಮ್ಮ ಹುಡುಗೀರ ಫೋನು ಎಲ್ಲಿ?" ಎಂದ ಕ್ಷೌರದವನು.

"ಅವತ್ತು ನೀವು ಬೇಡ ಅಂದ್ರಲ್ಲ, ಬೇರೆ ಊರಿಗೆ ಹೋಯ್ತು. ಈಗ ಇರೋದು ಇದೊಂದೇ" ಎಂದು ಮೇಡಂ ಸ್ಕೂಟರ್ ಹತ್ತಿದಳು.

ಮಾರನೆಯ ಬೆಳಗ್ಗೆ ಚೂಟಿ ಮೇಲಿನ ತರಗತಿಯ ಮೊದಲ ಪಾಠ ತೆರೆಯಲು ಓಡಿಬಂದಾಗ, ಗಿರಣಿಯ ಬಾಗಿಲಲ್ಲಿ ಎರಡು ಸಾಲಿತ್ತು. ಒಂದು ಡಬ್ಬಗಳದು, ಇನ್ನೊಂದು ಹುಡುಗಿಯರದು. ಹುಡುಗಿಯರ ಸಾಲು ಕ್ಷೌರದಂಗಡಿಯನ್ನು ದಾಟಿತ್ತು. ಎಲ್ಲರ ಮುಂದೆ ಫೋನನ್ನು ಮೂಗಿಗೆ ಹಿಡಿದು ಕೂತವಳು ಅಜ್ಜಿ.

"ಅಜ್ಜೀ, ಅದು ನಂದು!"

"ನಿಂದೇ ಕಣೇ, ಯಾರು ಇಲ್ಲ ಅಂದ್ರು? ಅದಕ್ಕೇ ನೀನು ಕೊನೆಗೆ. ಗಿರಣಿ ಕಾನೂನು ಗೊತ್ತಿಲ್ವಾ?"

"ಹಾಗಾದ್ರೆ ನೀನೂ ಮನೆಯವಳೇ ಅಲ್ವಾ? ಮೊದ್ಲು ಯಾಕೆ ಕೂತಿದ್ದೀಯಾ?"

"ನಾನು ಈ ಮನೆಗೆ ಬರೋ ಮೊದ್ಲಿಂದ ಓದೋಕೆ ಕಾಯ್ತಾ ಇದೀನಿ" ಎಂದಳು ಅಜ್ಜಿ. "ಹೋಗು, ಸಾಲಲ್ಲಿ ನಿಂತ್ಕೋ. ಕೂಗಾಡ್ಬೇಡ, ಫೋನಿಗೆ ಈಗ ಚೆನ್ನಾಗಿ ಕೇಳ್ಸತ್ತೆ."