ತಿದ್ದುಪಡಿಯಲ್ಲಿ ಬಿಟ್ಟುಹೋದ ತಪ್ಪು

ಗಣಿತ ಮಾಡುವುದಕ್ಕೆ ಗಣಿತ ಗೊತ್ತಿರಬೇಕು. ಗಣಿತದ ಬಗ್ಗೆ ಅಭಿಪ್ರಾಯ ಬರೆಯುವುದಕ್ಕೆ ಅದೇನೂ ಬೇಕಾಗಿಲ್ಲ. ಈ ಮಾತಿಗೆ ನಾನೇ ಸಾಕ್ಷಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವನ್ನು ಮೂರನೆಯ ಸಲಕ್ಕೆ ಹೇಗೋ ದಾಟಿದವನು, ಕಡಕೊಳದ ಕಾರ್ಖಾನೆಯ ಕಚೇರಿಯಿಂದ ನಿವೃತ್ತನಾದ ಮೇಲೆ ಊರಿನ ಸಂಜೆ ಪತ್ರಿಕೆಗೆ ಗಣಿತದ ಬಗ್ಗೆ ಬರೆಯತೊಡಗಿದೆ. ಮಗ್ಗಿ ಬಾಯಿಪಾಠ ಬೇಕೇ ಬೇಡವೇ, ಮಕ್ಕಳು ಬೀಜಗಣಿತಕ್ಕೆ ಯಾಕೆ ಹೆದರುತ್ತಾರೆ, ಎಲ್ಲಕ್ಕೂ ನನ್ನ ಹತ್ತಿರ ಅಭಿಪ್ರಾಯವಿತ್ತು. ಲೇಖನದಲ್ಲಿ ಒಂದು ಲೆಕ್ಕವೂ ಬರದಂತೆ ನೋಡಿಕೊಳ್ಳುತ್ತಿದ್ದೆ. ಹಾಗಾಗಿ ತಪ್ಪೂ ಆಗುತ್ತಿರಲಿಲ್ಲ. ವಾಕಿಂಗಿನಲ್ಲಿ ಯಾರಾದರೂ "ನಮಸ್ಕಾರ ಮೇಷ್ಟ್ರೇ" ಅಂದರೆ, ನಾನು ಮೇಷ್ಟ್ರಲ್ಲ ಎಂದು ಹೇಳಲು ಹೋಗುತ್ತಿರಲಿಲ್ಲ.

ಹೋದ ತಿಂಗಳು ಜಂಭ ಹೆಚ್ಚಾಗಿ ಒಂದು ಲೆಕ್ಕ ಹಾಕಿಬಿಟ್ಟೆ. ರಂಗೋಲಿಯೊಳಗಿನ ಗಣಿತ ಎಂಬುದು ವಿಷಯ. 'ನನ್ನ ಹೆಂಡತಿಗೆ ಗಣಿತದ ಗಂಧವೇ ಇಲ್ಲ. ಆದರೂ ದಿನಾ ಬಾಗಿಲಲ್ಲಿ ತನಗೇ ತಿಳಿಯದೆ ಗಣಿತ ಬರೆಯುತ್ತಾಳೆ' ಎಂದು ಶುರುಮಾಡಿ, ಉದಾಹರಣೆಗೆ ಅವಳ ಆರೆಸಳಿನ ಹೂವನ್ನು ಕೊಟ್ಟೆ. ನಡುಸಾಲಿಗೆ ಹದಿನೈದು ಚುಕ್ಕೆ, ಆಮೇಲೆ ಮೇಲೂ ಕೆಳಗೂ ಸಾಲಿಗೊಂದು ಕಮ್ಮಿ ಮಾಡುತ್ತ, ಸಂದುಗಳಲ್ಲಿ ಇಡುತ್ತ ಹೋಗಿ ಐದಕ್ಕೆ ನಿಲ್ಲಿಸುವುದು. ಚುಕ್ಕೆಗಳನ್ನು ಕಿಟಕಿಯಿಂದಲೇ ಎಣಿಸಿದ್ದೆ. ವಿಶಾಲುವನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಅಂಕಣಕಾರನಾದವನು ಹೋಗಿ ಹೆಂಡತಿಯನ್ನು ಕೇಳುವುದೇ?

ಮಾರನೆಯ ಬೆಳಿಗ್ಗೆ ಎದುರುಮನೆಯ ಸರೋಜಮ್ಮ ಪತ್ರಿಕೆ ಹಿಡಿದುಕೊಂಡೇ ಬಂದರು. "ಏನ್ ಸಾರ್, ನೀವು ಬರ್ದಂಗೇ ಇಟ್ಟೆ ಕಣ್ರೀ. ಹೂವು ಮೇಲಕ್ಕೂ ಕೆಳಕ್ಕೂ ಎಳ್ದಂಗೆ ಆಗ್ಬುಡ್ತು!"

"ನಿಮ್ಮ ಬಾಗಿಲ ಮುಂದೆ ನೆಲ ಸ್ವಲ್ಪ ವಾಟ ಇರ್ಬೇಕಮ್ಮ," ಎಂದೆ.

ಅಡುಗೆಮನೆಯಿಂದ ವಿಶಾಲು ಕೈ ಒರೆಸಿಕೊಳ್ಳುತ್ತ ಬಂದಳು. "ನೆಲ ಸರಿಯಾಗೇ ಇದೆ ಕಣ್ರೀ. ಎಂಟಕ್ಕೆ ನಿಲ್ಲಿಸ್ಬೇಕು. ಹದಿನೈದಕ್ಕೆ ಒಂದು ಸೇರ್ಸಿ ಅರ್ಧ ಮಾಡಿ, ಅಷ್ಟೇ. ಆಗ ಆರು ಕಡೆಗೂ ಎಂಟೆಂಟು ಬರುತ್ತೆ."

"ಎಷ್ಟು ಚೆನ್ನಾಗಿ ಹೇಳ್ತೀರಮ್ಮ!"

"ನಾನು ಬಿ.ಎಸ್ಸಿ. ಮಾಡಿದ್ದು ಗಣಿತದಲ್ಲೇ ಅಲ್ವಾ," ಎಂದಳು ವಿಶಾಲು. ನನ್ನ ಕಡೆ ನೋಡಲಿಲ್ಲ.

ನಮ್ಮ ಲಗ್ನಪತ್ರಿಕೆಯಲ್ಲಿ ಅವಳ ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಅಚ್ಚಾಗಿದ್ದು ಚೆನ್ನಾಗಿ ನೆನಪಿದೆ. ಯಾವ ವಿಷಯ ಎಂದು ಕೇಳಬೇಕೆಂದು ಮೂವತ್ತೊಂದು ವರ್ಷದಲ್ಲಿ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎಂದಿನಂತೆ ಕಾಫಿ ತಂದುಕೊಟ್ಟಳು, ಸಕ್ಕರೆಯೂ ಸರಿಯಾಗಿತ್ತು.

ಮುಂದಿನ ವಾರ ಪತ್ರಿಕೆಯಲ್ಲಿ ತಿದ್ದುಪಡಿ ಬಂತು: 'ಐದು ಎಂದಿರುವುದನ್ನು ಎಂಟು ಎಂದು ಓದಿಕೊಳ್ಳಬೇಕು.' ದೊಡ್ಡ ಕೆಲಸ ಮಾಡಿದವನ ಹಾಗೆ ಅದನ್ನು ಅವಳ ಮುಂದಿಟ್ಟೆ. ಓದಿದಳು, ಕನ್ನಡಕ ತೆಗೆದಳು.

"ತಪ್ಪಾಗಿದ್ದು ಇದೊಂದೇನಾ?"

ಅಲ್ಲವೆಂದು ನನಗೂ ಗೊತ್ತಿತ್ತು. ಉಳಿದ ಆ ತಪ್ಪಿನ ತಿದ್ದುಪಡಿಯೇ ಈ ಬರಹ: 'ಗಣಿತದ ಗಂಧವೇ ಇಲ್ಲ' ಎಂದಿರುವುದನ್ನು ಹೆಂಡತಿಗಲ್ಲ, ಬರೆದವನಿಗೆ ಅನ್ವಯಿಸಿ ಓದಿಕೊಳ್ಳಬೇಕು. ಬರೆದು ನಾಲ್ಕು ದಿನವಾಯಿತು. ಪತ್ರಿಕೆಗೆ ಕಳಿಸುವ ಮುಂಚೆ ಇದನ್ನು ವಿಶಾಲುವಿಗೆ ಒಮ್ಮೆ ತೋರಿಸಬೇಕು. ಅದಕ್ಕೆ ಮಾತ್ರ ಇನ್ನೂ ಧೈರ್ಯ ಬಂದಿಲ್ಲ.