ನಾನೊಂದು ಒಳ್ಳೆಯ ಕೇಸು

ಮನುಷ್ಯನಾಗಿ ಹುಟ್ಟಿದ ಮೇಲೆ ಯಾವುದಾದರೂ ಒಂದು ವಿಷಯದಲ್ಲಿ ನಾಲ್ಕು ಜನರಿಂದ ಭೇಷ್ ಅನ್ನಿಸಿಕೊಳ್ಳಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಕೆಲವರಿಗೆ ಅದು ಕಂಠದಿಂದ ದಕ್ಕುತ್ತದೆ, ಕೆಲವರಿಗೆ ಕೈಗುಣದಿಂದ. ನನಗೆ ದಕ್ಕಿದ್ದು ಹೃದಯದ ಕೆಟ್ಟ ಕವಾಟದಿಂದ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಇಷ್ಟು ವರ್ಷ ಲೇತ್ ಮಿಷನ್ನಿನ ಮುಂದೆ ನಿಂತಿದ್ದೇನೆ. ಯಾವ ಸೂಪರ್‌ವೈಸರೂ ನನ್ನ ಕೆಲಸವನ್ನು ಕಣ್ಣರಳಿಸಿ ನೋಡಿದ್ದಿಲ್ಲ. ಆದರೆ ಕೃಷ್ಣಗಿರಿ ಕಡೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಅಂಗಿ ಬಿಚ್ಚಿ ಎಡಮಗ್ಗುಲಾಗಿ ಮಲಗಿದ ದಿನ, ಅಲ್ಲಿನ ಪ್ರೊಫೆಸರು ನನ್ನೆದೆಗೆ ಸ್ಟೆತಸ್ಕೋಪು ಇಟ್ಟು, ಕಣ್ಣು ಮುಚ್ಚಿ, ಸಂಗೀತ ಕಚೇರಿ ಕೇಳುವವರಂತೆ ತಲೆದೂಗಿ, "ನಲ್ಲ ಕೇಸು" ಅಂದುಬಿಟ್ಟರು. ಅದಕ್ಕೆ ಮೊದಲು ತಮಿಳಿನಲ್ಲಿ ಯಾರೂ ನನ್ನನ್ನು ಒಳ್ಳೆಯದು ಎಂದಿರಲಿಲ್ಲ. ಕನ್ನಡದ ವಿಚಾರ ನನ್ನ ಹೆಂಡತಿಯನ್ನು ಕೇಳಬೇಕು.

ಗೊತ್ತಿಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಾಕ್ಟರಾಗುವ ಮಕ್ಕಳು ಪುಸ್ತಕ ಓದಿ ಉತ್ತರ ಬರೆದರೆ ಸಾಲದು. ಕಾಯಿಲೆಯವನೊಬ್ಬನನ್ನು ಮುಟ್ಟಿ, ಮಾತಾಡಿಸಿ, ಇವನಿಗೆ ಇಂಥದ್ದೇ ಆಗಿದೆ ಎಂದು ಪರೀಕ್ಷಕರ ಮುಂದೆ ಹೇಳಬೇಕು. ಅದಕ್ಕಾಗಿ ಪರೀಕ್ಷೆ ಹತ್ತಿರ ಬಂದಾಗ ಕಾಲೇಜಿನವರು ಫೋನು ಮಾಡಿ, ಕಾಯಿಲೆ ಎದ್ದು ಕಾಣುವಂಥ ನಮ್ಮಂಥವರನ್ನು ಕರೆಸುತ್ತಾರೆ. ನನಗೆ ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಹಿಂದೆಯೇ ಕೀಲುಕೀಲಿಗೂ ಬಾವು ಬಂದು, ಜ್ವರ ಹೋಗುವಾಗ ಹೃದಯದ ಒಂದು ಬಾಗಿಲನ್ನು ಇಕ್ಕಟ್ಟು ಮಾಡಿಟ್ಟು ಹೋಗಿತ್ತು. ಆ ಇಕ್ಕಟ್ಟಿನಲ್ಲಿ ರಕ್ತ ನುಗ್ಗುವಾಗ ಬರುವ ಗುಡುಗುಡು ಸದ್ದೇ ನನ್ನ ಬಂಡವಾಳ. ಅದು ಸುಲಭಕ್ಕೆ ಕಿವಿಗೆ ಬೀಳುವುದಿಲ್ಲ, ಬಲ್ಲವರಿಗೆ ಮಾತ್ರ ಕೇಳುತ್ತದೆ ಎಂದು ಪ್ರೊಫೆಸರು ಹೇಳಿದ ದಿನ ನಾನು ಮನೆಯಿರುವ ಅವಲಪಲ್ಲಿಗೆ ವಾಪಸು ಬರುವ ಬಸ್ಸಿನಲ್ಲಿ ಯಾರೊಂದಿಗೂ ಮಾತಾಡಲಿಲ್ಲ, ಅಷ್ಟು ಬೀಗಿದ್ದೆ.

ಅಲ್ಲಿ ನನಗೊಬ್ಬ ಎದುರಾಳಿಯಿದ್ದ. ಜವಳಗಿರಿ ಕಡೆಯ ರೈತ ಮುನಿಯಪ್ಪ, ಅವನದು ಎಡಪಕ್ಕೆಯ ಕೆಳಗೆ ಊದಿಕೊಂಡ ಗುಲ್ಮ, ಡಾಕ್ಟರ ಬಾಯಲ್ಲಿ ಸ್ಪ್ಲೀನು. ಪಕ್ಕದ ಮಂಚದಲ್ಲಿ ಹೊಟ್ಟೆ ತೆರೆದು ಮಲಗಿ, ಮಧ್ಯಾಹ್ನದ ಮೊಸರನ್ನದ ಪೊಟ್ಟಣ ಬರುವ ತನಕ ನನ್ನನ್ನು ಛೇಡಿಸುವುದು ಅವನ ಕೆಲಸ. "ನಿಂದೇನ್ಲಾ, ಕಿವಿ ಚುರುಕಿದ್ದೋರಿಗೆ ಮಾತ್ರ. ನನ್ದು ಕುರುಡನ ಕೈಗೂ ಸಿಕ್ತದೆ ಕಣ್ಲಾ" ಅನ್ನುತ್ತಿದ್ದ. ಅವನ ಹೊಟ್ಟೆಯ ಮುಂದೆ ನಿಂತ ಮಕ್ಕಳು ನಗುನಗುತ್ತಾ ಹೋಗುತ್ತಿದ್ದರು, ನನ್ನೆದೆಯ ಮುಂದೆ ನಿಂತವರು ಬೆವರುತ್ತಿದ್ದರು. ಹಾಗೆ ಬೆವರುವವರನ್ನು ಕಂಡರೆ ನನಗೆ ಕರುಳು ಚುರ್ ಅನ್ನುತ್ತಿತ್ತು. ಪರೀಕ್ಷಕರು ಆಚೆ ತಿರುಗಿದಾಗ "ಮೈಟ್ರಲ್ ಸ್ಟೆನೋಸಿಸ್, ನಾಡಿ ಸಮವಾಗೈತೆ" ಎಂದು ಪಿಸುಗುಟ್ಟಿಬಿಡುತ್ತಿದ್ದೆ. ಇಕ್ಕಟ್ಟಾದ ನನ್ನ ಬಾಗಿಲಿಗೆ ಡಾಕ್ಟರುಗಳಿಟ್ಟ ಹೆಸರು ಅದು; ನನಗೆ ಬರುವ ಇಂಗ್ಲಿಷಿನಲ್ಲಿ ಮಿಷನ್ನಿಗೆ ಸೇರದ ಪದ ಅದೊಂದೇ. ಈ ಜಿಲ್ಲೆಯಲ್ಲಿ ನನ್ನ ಪಿಸುಮಾತಿನಿಂದ ಪಾಸಾದ ಡಾಕ್ಟರುಗಳು ಸಾಕಷ್ಟಿದ್ದಾರೆ; ಹಾಗಾಗಿ ನೆಗಡಿಯಾದರೂ ಆಸ್ಪತ್ರೆಗೆ ಹೋಗಲು ನನಗೆ ಅಂಜಿಕೆ.

ಈ ನಡುವೆ ಪ್ರೊಫೆಸರು ನನಗೆ ಬುದ್ಧಿ ಹೇಳದೆ ಇರಲಿಲ್ಲ. ತೊಡೆಯ ನರದಿಂದ ಸಣ್ಣ ಬಲೂನು ಕಳಿಸಿ ಆ ಬಾಗಿಲನ್ನು ಅಗಲ ಮಾಡಬಹುದು, ತಡ ಮಾಡಬೇಡ ಎಂದು ಸಿಕ್ಕಾಗಲೆಲ್ಲ ಹೇಳುತ್ತಿದ್ದರು. ಆಮೇಲೆ ಸದ್ದು ಇರುತ್ತದೆಯೇ ಎಂದು ಕೇಳಿದೆ. ಇರಬಾರದು, ಅದಕ್ಕೇ ಅಲ್ಲವೇ ಮಾಡುವುದು ಎಂದರು. ಮುಂದಿನ ಪರೀಕ್ಷೆ ಮುಗಿಯಲಿ ಎಂದೆ. ಮನೆಯಲ್ಲಿ ನನ್ನ ಹೆಂಡತಿ ಜಯಮ್ಮನಿಗೆ ಈ ವಿಷಯ ತಿಳಿದು ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಬಿರುದು ಕೊಟ್ಟಳು. ಮಹಡಿ ಮೇಲೆ ಒಣಹಾಕಿದ ಬಟ್ಟೆ ತರಲು ಹೋದವನು ಮೆಟ್ಟಿಲ ನಡುವೆ ಕೂತು ಏದುಸಿರು ಬಿಡುವುದನ್ನು ಅವಳು ಕಂಡಿದ್ದಳು. ಹೊಗೆ ಕಣೆ ಎಂದೆ. ಅಂದು ಸುತ್ತಮುತ್ತ ಎಲ್ಲೂ ಹೊಗೆ ಇರಲಿಲ್ಲ.

ಈ ಸಲ ಹೋದಾಗ ಪಕ್ಕದ ಮಂಚ ಖಾಲಿಯಿತ್ತು. ಮುನಿಯಪ್ಪ ಬರಲಿಲ್ಲವೇ ಎಂದು ಕೇಳಿದೆ. ರಕ್ತ ಕಾರಿಕೊಂಡು ಹೋಗಿಬಿಟ್ಟನಂತೆ. ಫೋನು ಮಾಡಿದಾಗ ಅವನ ಮಗಳು, ಅಪ್ಪ ಇಲ್ಲ, ಇನ್ನು ಮಾಡಬೇಡಿ ಎಂದಳಂತೆ. ಹೇಳುತ್ತಿದ್ದ ಕಿರಿಯ ಡಾಕ್ಟರು ನಿಜವಾಗಿಯೂ ನೊಂದುಕೊಂಡು, "ಎಂಥ ಗುಲ್ಮ ಅದು" ಎಂದರು. ನಾನು ಹೋದ ಮೇಲೆ ಈ ಮಂಚದ ಬಳಿ ನಿಂತು ಇವರು ಏನನ್ನುತ್ತಾರೆಂಬುದು ಗೊತ್ತಾಗಿಹೋಯಿತು. ಮಧ್ಯಾಹ್ನದ ಪೊಟ್ಟಣ ಬಿಚ್ಚಲು ಮನಸ್ಸಾಗಲಿಲ್ಲ.

ಆಗ ಬಂದವಳು ಸವಿತಾ. ಒಮ್ಮೆ ಫೇಲಾಗಿ ಎರಡನೇ ಸಲ ಕೂತ ಹುಡುಗಿ, ಬಿಳಿ ಕೋಟಿನ ತೋಳು ಮಡಚಿಕೊಂಡು ತಮಿಳಿನಲ್ಲಿ ಏನು ತೊಂದರೆ ಎಂದು ಕೇಳಿದಳು. ಆ ತಮಿಳಿನೊಳಗೆ ನಮ್ಮ ಕಡೆಯ ಕನ್ನಡ ಇಣುಕುತ್ತಿತ್ತು. ಯಾವೂರಮ್ಮಣ್ಣಿ ಎಂದೆ. ಜವಳಗಿರಿ ಹತ್ತಿರ ಎಂದಳು. ಮುನಿಯಪ್ಪನ ಊರ ಕಡೆಯವಳು ಎಂದು ಗೊತ್ತಾದ ಮೇಲೆ ನನ್ನ ಬಾಯಿ ನಿಲ್ಲುತ್ತದೆಯೇ? ಪರೀಕ್ಷಕರು ಕಿಟಕಿಯ ಕಡೆ ಹೋದದ್ದೇ ತಡ, ಇಡೀ ಉತ್ತರವನ್ನು ಪಿಸುಗುಟ್ಟಿದೆ. ಅವಳು ನನ್ನ ಮಣಿಕಟ್ಟು ಹಿಡಿದಿದ್ದಳು. ಬಿಡಲಿಲ್ಲ. ಹುಬ್ಬು ಗಂಟಿಕ್ಕಿತು. ಎದೆಗೆ ಸ್ಟೆತಸ್ಕೋಪು ಇಟ್ಟಳು, ಮತ್ತೆ ಕೈ ಹಿಡಿದಳು.

"ನಾಡಿ ಸಮ್ವಾಗೈತೆ ಅಂತ ಯಾರು ಹೇಳಿದ್ರಣ್ಣ ನಿಂಗೆ?" ಎಂದಳು ಮೆಲ್ಲಗೆ.

ಪ್ರತಿ ವರ್ಷವೂ ಸಮ ಎಂದೆ. ನಾನು ಹೇಳಿದ್ದನ್ನೇ ಹೇಳು, ಇನ್ನೊಂದು ಸಲ ಫೇಲಾಗಬೇಡ ಎಂದೂ ಬೇಡಿಕೊಂಡೆ. ಅವಳು ಪರೀಕ್ಷಕರ ಮುಂದೆ ನೆಟ್ಟಗೆ ನಿಂತು, ಕವಾಟದ ವಿಷಯ ಹೇಳಿ, ನಾಡಿ ತಾಳ ತಪ್ಪಿದೆ ಎಂದುಬಿಟ್ಟಳು. ಈ ಕೇಸು ಎಷ್ಟು ವರ್ಷದಿಂದ ನನಗೆ ಗೊತ್ತು ಎಂದು ಪರೀಕ್ಷಕರಲ್ಲೊಬ್ಬರಾಗಿದ್ದ ಪ್ರೊಫೆಸರು ರೇಗಿದರು. ಹುಡುಗಿ ಮಾತು ಬದಲಿಸಲಿಲ್ಲ. ಅವರು ಬೇಸರದಿಂದಲೇ ನನ್ನ ಕೈ ಹಿಡಿದರು. ಆಮೇಲೆ ಬೇಸರ ಹೋಯಿತು. ಹೊರಗಿನಿಂದ ಬಂದ ಪರೀಕ್ಷಕರನ್ನೂ ಕರೆದು, ನನ್ನ ಮೈಮೇಲೆ ಬಾಗಿ ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದರು. ಕಡೆಗೆ ಪ್ರೊಫೆಸರು ಹುಡುಗಿಗೆ ಹೋಗಬಹುದೆಂದರು, ನನಗೆ ಹೋಗಕೂಡದೆಂದರು. ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಗರಣೆಯಾಗಬಹುದು, ಆ ಗರಣೆ ಮೆದುಳಿಗೆ ಹಾರಿದರೆ ಬಾಯಿ ಕೈ ಕಾಲು ಯಾವುದೂ ನನ್ನದಲ್ಲ ಎಂದು ತಿಳಿಸಿದರು. ಕೆಲವು ವಾರಗಳಿಂದ ಎದೆ ಡವಗುಟ್ಟುತ್ತಿದ್ದದ್ದು ನಿಜ. ಪರೀಕ್ಷೆ ಹತ್ತಿರ ಬಂತಲ್ಲ, ಅದರ ಅಳುಕು ಎಂದುಕೊಂಡಿದ್ದೆ.

ಈಗ ಅದೇ ಆಸ್ಪತ್ರೆಯ ವಾರ್ಡಿನಲ್ಲಿದ್ದೇನೆ. ರಕ್ತ ತೆಳುವಾಗುವ ಮಾತ್ರೆ ನಡೆದಿದೆ, ಆಮೇಲೆ ಬಲೂನೋ ಎದೆ ಸೀಳುವುದೋ ನೋಡಿ ಹೇಳುತ್ತಾರಂತೆ. ಜಯಮ್ಮ ಮಂಚದ ಪಕ್ಕ ಕೂತು, ನಾನು ಆಗಲೇ ಹೇಳಲಿಲ್ಲವೇ ಎಂಬ ಮಾತನ್ನು ಹೇಳದೆ ನನ್ನ ಕಾಲು ಒತ್ತುತ್ತಾಳೆ. ಅವಳು ಬೈದಿದ್ದರೆ ಧೈರ್ಯವಾಗುತ್ತಿತ್ತು.

ಪಾಸಾದ ಸುದ್ದಿ ಹೇಳಲು ಸವಿತಾ ಬಂದಳು. ಜಯಮ್ಮ ಬಿಸಿನೀರು ತರಲು ಹೋಗಿದ್ದಳು. ಅಭ್ಯಾಸಬಲ ನೋಡಿ, ಹುಡುಗಿ ಏನು ತೊಂದರೆ ಅಣ್ಣ ಎಂದೇ ಮಾತು ಶುರು ಮಾಡಿದಳು. ನಾನೂ ಅಭ್ಯಾಸಬಲದಿಂದ ಏದುಸಿರು, ಮೆಟ್ಟಿಲು ಹತ್ತಲಾಗದು ಎಂಬ ಪಾಠ ಒಪ್ಪಿಸಲು ಬಾಯಿ ತೆರೆದೆ. ಬಂದದ್ದೇ ಬೇರೆ.

"ಭಯ ಆಯ್ತದಮ್ಮಣ್ಣಿ. ಮೊದ್ಲಿಂದ್ಲೂ ಭಯವೇಯ. ಬಲೂನು ಬ್ಯಾಡ ಅಂದಿದ್ದು ಸದ್ದು ಹೋಯ್ತದೆ ಅಂತ ಅಲ್ಲ."

ಎದೆಯ ಸದ್ದು ಕೇಳಿದವಳ ಕಿವಿಗೆ ಇದೂ ಬಿತ್ತು. ಆಮೇಲೆ ಮಂಚದ ಅಂಚಿನಲ್ಲಿ ಕೂತು ನನ್ನ ಮಣಿಕಟ್ಟು ಹಿಡಿದುಕೊಂಡಳು, ಗಡಿಯಾರ ನೋಡಲಿಲ್ಲ.

"ಇದಕ್ಕೇನ್ ಮಾಡ್ಬೇಕು ಅಂತ ನಮ್ಗೆ ಹೇಳ್ಕೊಟ್ಟಿಲ್ಲಣ್ಣ" ಎಂದಳು.

ಪಾಪ, ಹುಡುಗಿ ಬೆವರುತ್ತಿದ್ದಳು. ಎಂದಿನಂತೆ ನಾನೇ ಉತ್ತರ ಪಿಸುಗುಟ್ಟೋಣವೆಂದು ಆಚೀಚೆ ನೋಡಿದೆ. ಪರೀಕ್ಷಕರು ಯಾರೂ ಇರಲಿಲ್ಲ. ಉತ್ತರ ನನಗೂ ಗೊತ್ತಿರಲಿಲ್ಲ.